ಸಾಸಿಗೆ ಯಾವ ಟೊಮೆಟೊ: ಕಪ್ಪೋ, ಕೆಂಪೋ?

ಟೊಮೆಟೊ ಬೆಲೆಯ ಏರಿಳಿತ ಕರ್ನಾಟಕದವರಿಗೆ ಹೊಸದಲ್ಲ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ಹಂಗಾಮುಗಳಲ್ಲಿ ಅದೇ ಹಣ್ಣನ್ನು ರೈತರು ರಸ್ತೆ ಬದಿಗೆ ಸುರಿದು ಹೋದದ್ದನ್ನೂ ಕಂಡಿದ್ದೇವೆ. ಮನೆಯಲ್ಲಿ ಸಾಸ್ ಮಾಡಿಡುವ ಯೋಚನೆ ಹುಟ್ಟುವುದು ಹಣ್ಣು ಅಗ್ಗವಾದಾಗಲೇ. 2024ರ ಮಾರ್ಚ್‌ನಲ್ಲಿ ಆ ಯೋಚನೆಗೆ ಇನ್ನೊಂದು ಕಾರಣವೂ ಕೂಡಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು; ಪರೀಕ್ಷೆಗೆ ತಂದ ಮಾದರಿಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ನಂಥ ಬಣ್ಣಗಳು ಸಿಕ್ಕಿದ್ದು ಸುದ್ದಿಯಾಯಿತು. ಅಂದಿನಿಂದ ಗಾಡಿಯ ಸಾಸ್ ಕಂಡರೆ ಅನುಮಾನ, ಮನೆಯ ಸಾಸ್ ಕಂಡರೆ ಅಸಮಾಧಾನ. ಮನೆಯದಕ್ಕೆ ಆ ಕಡುಗೆಂಪು ಬರುವುದೇ ಇಲ್ಲವಲ್ಲ!

ಬಣ್ಣವನ್ನು ಡಬ್ಬಿಯಿಂದ ತರುವ ಬದಲು ಹಣ್ಣಿನಿಂದಲೇ ತರಬಾರದೇಕೆ ಎಂಬ ಪ್ರಶ್ನೆ ಹೀಗೆ ಎದ್ದಿತು. ಬೀಜದ ಪೊಟ್ಟಣಗಳ ಮೇಲೆ ಈಗ 'ಕಪ್ಪು ಟೊಮೆಟೊ', 'ನೇರಳೆ ಟೊಮೆಟೊ' ಚಿತ್ರಗಳು ಸಾಮಾನ್ಯ. ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿರುವ ಶಾಮನೂರಿನಂಥ ಬಡಾವಣೆಯಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಜನ ಉತ್ತರ ಹೇಳುತ್ತಾರೆ. ಭದ್ರಾ ನಾಲೆಯ ನೀರು ಕಂಡ ನೆಲದಲ್ಲಿ ಭತ್ತ, ಅಡಿಕೆಯದೇ ದರ್ಬಾರು. ಟೊಮೆಟೊ ಇಲ್ಲಿ ಬಹುಮಟ್ಟಿಗೆ ಹಿತ್ತಲಿನ, ತಾರಸಿಯ ಬೆಳೆ. ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟವರು ಹೊಸ ಬಣ್ಣದ ಪರ. ಸಂತೆಯಿಂದ ಜವಾರಿ ಹಣ್ಣನ್ನು ಆರಿಸಿ ತಂದು ಗೊಜ್ಜು ಮಾಡುವವರು ಹಳೆಯದರ ಪರ. ಎರಡೂ ಕಡೆಯವರು ಅಡುಗೆ ಬಲ್ಲವರೇ ಆದ್ದರಿಂದ ಯಾರ ಮಾತನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ವಾದಕ್ಕೆ ಇಳಿಯುವ ಮುನ್ನ ಕಡುಬಣ್ಣ ಅಂದರೆ ಏನೆಂದು ಸ್ಪಷ್ಟ ಮಾಡಿಕೊಳ್ಳಬೇಕು, ಏಕೆಂದರೆ ಮೂರು ಬೇರೆ ಬೇರೆ ಸಂಗತಿಗಳು ಈ ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ಮೊದಲನೆಯದು ಅಪ್ಪಟ ಕಡುಗೆಂಪು. ಇದು ಲೈಕೋಪಿನ್ ಎಂಬ ವರ್ಣದ್ರವ್ಯದ ಕೆಲಸ. ಅದು ತೊಗಟೆಯಲ್ಲೂ ತಿರುಳಿನಲ್ಲೂ ಇರುತ್ತದೆ. ಎರಡನೆಯದು ಕ್ರಿಮಿಯಾ ಮೂಲದ 'ಬ್ಲ್ಯಾಕ್ ಕ್ರಿಮ್', ಅಮೆರಿಕದ ಟೆನ್ನೆಸ್ಸಿಯ 'ಚೆರೋಕಿ ಪರ್ಪಲ್' ಮುಂತಾದ 'ಕಪ್ಪು' ಹಣ್ಣು. ಇವುಗಳಲ್ಲಿ ಹಣ್ಣಾದರೂ ಎಲೆಹಸಿರು ಪೂರ್ತಿ ಕರಗುವುದಿಲ್ಲ. ಉಳಿದ ಹಸಿರಿನೊಡನೆ ಕೆಂಪು ಸೇರಿ ಕಂದು, ನೇರಳೆಗಂದು ಛಾಯೆ ಕಾಣುತ್ತದೆ. ಮೂರನೆಯದು ನಿಜವಾದ ನೇರಳೆ: ಬದನೆಯ ಸಿಪ್ಪೆಯಲ್ಲಿರುವ ಆಂಥೋಸಯನಿನ್ ಬಗೆಯ ಬಣ್ಣ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ಕಾಡುಟೊಮೆಟೊಗಳ ಗುಣವನ್ನು ಸಂಕರದಿಂದ ತಂದು 2012ರಲ್ಲಿ ಹೊರಬಿಟ್ಟ 'ಇಂಡಿಗೋ ರೋಸ್' ಈ ಜಾತಿಯದು. ಅದರ ನೇರಳೆ ಬಿಸಿಲು ಬಿದ್ದ ಸಿಪ್ಪೆಯಲ್ಲಿ ಮಾತ್ರ. ಕೊಯ್ದರೆ ಒಳಗೆ ಕೆಂಪೇ. ತಿರುಳೂ ನೇರಳೆಯಾಗಿರುವ ಹಣ್ಣು ಬ್ರಿಟನ್ನಿನ ಜಾನ್ ಇನ್ನೆಸ್ ಕೇಂದ್ರದಲ್ಲಿ ಕ್ಯಾಥಿ ಮಾರ್ಟಿನ್ ತಂಡ ರೂಪಿಸಿದ ಕುಲಾಂತರಿ ತಳಿ. 2022ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಕುಲಾಂತರಿ ಟೊಮೆಟೊ ಬೆಳೆಯಲು ಅನುಮತಿ ಇಲ್ಲವಾದ್ದರಿಂದ ಈ ಚರ್ಚೆಯಿಂದ ಅದನ್ನು ಹೊರಗಿಡಬಹುದು.

ಕಪ್ಪು ತಳಿಯ ಪರ ಇರುವವರ ಅತ್ಯಂತ ಬಲವಾದ ವಾದ ರುಚಿಯದು. ಅದು ಬರೀ ಅಭಿಮಾನದ ಮಾತಲ್ಲ, ವಿಜ್ಞಾನದ ಬೆಂಬಲವೂ ಅದಕ್ಕಿದೆ. ಕಾಯಿಯಾಗಿದ್ದಾಗ ತೊಟ್ಟಿನ ಸುತ್ತಲಿನ ಭುಜದ ಬಳಿ ಗಾಢ ಹಸಿರು ಇರುವ ಟೊಮೆಟೊ ತನ್ನ ಸಕ್ಕರೆಯ ಒಂದಷ್ಟು ಭಾಗವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಕಾಯಿ ಪೂರ್ತಿ ಒಂದೇ ತಿಳಿಹಸಿರಾಗಿದ್ದು ಏಕರೂಪವಾಗಿ ಕೆಂಪಾದರೆ ವ್ಯಾಪಾರಕ್ಕೆ ಅನುಕೂಲ. ಆ ಕಾರಣಕ್ಕೆ ಹಲವು ದಶಕ ತಳಿಗಾರರು ಏಕರೂಪದ ಗುಣವನ್ನೇ ಆರಿಸುತ್ತ ಬಂದರು. 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಈ ಆಯ್ಕೆಗೆ ತೆತ್ತ ಬೆಲೆಯನ್ನು ತೋರಿಸಿತು. ಏಕರೂಪ ಮಾಗುವಿಕೆಯ ಜೀನ್ ಬಂದಲ್ಲಿ ಹಣ್ಣಿನ ಎಲೆಹಸಿರು ಕುಗ್ಗುತ್ತದೆ, ಅದರೊಡನೆ ಸಕ್ಕರೆಯೂ ಇಳಿಯುತ್ತದೆ. ಕಪ್ಪು ತಳಿಗಳಲ್ಲಿ ಹಲವಕ್ಕೆ ಹಸಿರು ಭುಜ ಉಳಿದಿದೆ. ಬ್ಲ್ಯಾಕ್ ಕ್ರಿಮ್ ತಿಂದವರು ಅದಕ್ಕೆ ಉಪ್ಪುಸಿಹಿ ಬೆರೆತ ಗಾಢ ರುಚಿ ಎನ್ನುತ್ತಾರೆ, ಮಾರುಕಟ್ಟೆಯ ಗಟ್ಟಿ ಹಣ್ಣು ತಿಂದು ಬೇಸತ್ತ ನಾಲಿಗೆಗೆ ಆ ವ್ಯತ್ಯಾಸ ತಿಳಿಯದಿರುವುದಿಲ್ಲ.

ಎದುರು ಪಕ್ಷ ಇದನ್ನು ಅಲ್ಲಗಳೆಯುವುದಿಲ್ಲ. ಹಸಿಯಾಗಿ ತಿನ್ನುವುದಾದರೆ ಸರಿ ಎನ್ನುತ್ತದೆ. ಸಾಸ್ ಹಸಿಯಲ್ಲ, ಕುದಿಸಿ ಇಂಗಿಸಿದ್ದು. ಹುಳಿ ಇರುವ ರಸದಲ್ಲಿ ಎಲೆಹಸಿರನ್ನು ಕುದಿಸಿದರೆ ಅದು ಮಾಸಲು ಕಂದಾಗುತ್ತದೆ. ಹುಣಸೆ ಹಿಂಡಿದ ಸೊಪ್ಪಿನ ಸಾರು ಬಣ್ಣಗೆಡುವುದನ್ನು ಯಾವ ಮನೆಯಲ್ಲೂ ನೋಡಬಹುದು. ಕಪ್ಪು ಟೊಮೆಟೊವಿನ ಅರ್ಧ ಬಣ್ಣ ಈ ಹಸಿರಿನದೇ. ಬಾಣಲೆಯಲ್ಲಿ ಅದರ ಗತಿ ಏನಾಗಬೇಕೋ ಅದೇ ಆಗುತ್ತದೆ: ಇಟ್ಟಿಗೆಗಂದು. ಸಾಸಿಗೆ ಹಣ್ಣು ಆರಿಸುವಾಗ ಹಸಿರು, ಹಳದಿ ಉಳಿದ ಭಾಗಗಳನ್ನು ಕತ್ತರಿಸಿ ತೆಗೆಯಿರಿ ಎಂದು ಹಣ್ಣು ಸಂಸ್ಕರಣೆಯ ಪಾಠಗಳಲ್ಲಿ ಹೇಳುವುದೂ ಈ ಕಾರಣಕ್ಕೇ. ಅಂದರೆ ತಿನ್ನುವವರು ಮೆಚ್ಚುವ ಹಸಿರು ಭುಜವೇ ಸಾಸ್ ಮಾಡುವವರಿಗೆ ಅಡ್ಡಿ. ನೇರಳೆ ಸಿಪ್ಪೆಯದೂ ಹೆಚ್ಚುಕಡಿಮೆ ಇದೇ ಕಥೆ. ಆಂಥೋಸಯನಿನ್ ನೀರಿನಲ್ಲಿ ಕರಗುತ್ತದೆ, ದೀರ್ಘ ಶಾಖಕ್ಕೆ ಒಡೆಯುತ್ತದೆ, ಹುಳಿಯಲ್ಲಿ ನೇರಳೆ ಬಿಟ್ಟು ಕೆಂಪಿನತ್ತ ವಾಲುತ್ತದೆ. ಅದರ ಮೇಲೆ ಸಾಸಿಗೆಂದು ಸಿಪ್ಪೆ ತೆಗೆದು ಸೋಸಿದರೆ ಬಣ್ಣವೆಲ್ಲ ಜರಡಿಯಲ್ಲೇ ಉಳಿಯಿತು.

ಲೈಕೋಪಿನ್ ಹಾಗಲ್ಲ. ಅದು ಶಾಖವನ್ನು ಸಾಕಷ್ಟು ತಡೆಯುತ್ತದೆ, ಎಣ್ಣೆಯಲ್ಲಿ ಕರಗುತ್ತದೆ. ಬೇಯಿಸಿದಾಗ ಜೀವಕೋಶ ಒಡೆದು ಇನ್ನಷ್ಟು ಹೊರಬರುತ್ತದೆ. 1992ರಲ್ಲಿ ಜರ್ಮನಿಯ ಶ್ಟಾಲ್ ಮತ್ತು ಸೀಸ್ ಎಂಬ ವಿಜ್ಞಾನಿಗಳು ಟೊಮೆಟೊ ರಸವನ್ನು ಸ್ವಲ್ಪ ಎಣ್ಣೆಯೊಡನೆ ಕುದಿಸಿ ಕುಡಿಸಿದಾಗ ರಕ್ತದಲ್ಲಿ ಲೈಕೋಪಿನ್ ಏರಿತು. ಕುದಿಸದ ರಸಕ್ಕೆ ಹಾಗೆ ಆಗಲಿಲ್ಲ. ಆರೋಗ್ಯದ ಹೆಸರಿನಲ್ಲಿ ಕಪ್ಪು ತಳಿ ಬೇಕೆನ್ನುವವರಿಗೆ ಕೆಂಪಿನ ಪಕ್ಷ ಈ ಪ್ರಯೋಗವನ್ನು ಮುಂದೊಡ್ಡುತ್ತದೆ. ಕಪ್ಪಿನ ಪಕ್ಷದ ಬಳಿಯೂ ಉತ್ತರವಿದೆ: ಕಪ್ಪು ತಳಿಯಲ್ಲಿ ಲೈಕೋಪಿನ್ ಇಲ್ಲವೆಂದು ಯಾರು ಹೇಳಿದರು? ಹಸಿರಿನ ಕೆಳಗೆ ಕೆಂಪು ಇದ್ದೇ ಇದೆ, ಸಾಸಿನ ಬಣ್ಣ ಕಂದಾದರೆ ಗುಣ ಎಲ್ಲಿ ಹೋಯಿತು? ಈ ಉತ್ತರ ನ್ಯಾಯವಾದದ್ದು. ಬೇರೆ ಪದಾರ್ಥದಲ್ಲಿ ಕಂದುಬಣ್ಣ ದೋಷವೇ ಅಲ್ಲ. ಹುಣಸೆ ಗೊಜ್ಜನ್ನು ಕೆಂಪಗಿಲ್ಲವೆಂದು ಯಾರೂ ದೂರುವುದಿಲ್ಲ. ಸಾಸ್ ಕೆಂಪಗೇ ಇರಬೇಕೆಂಬ ಹಟವನ್ನು ನಮಗೆ ಕಲಿಸಿದ್ದು ಅಂಗಡಿಯ ಬಾಟಲಿ.

ಇನ್ನೊಂದು ನೆಲೆಯಲ್ಲೂ ಕಪ್ಪಿನ ಪಕ್ಷ ಗಟ್ಟಿಯಾಗಿದೆ. ಈ ತಳಿಗಳಲ್ಲಿ ಬಹುಪಾಲು ಹೈಬ್ರಿಡ್ ಅಲ್ಲ. ಟೊಮೆಟೊ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಗಿಡವಾದ್ದರಿಂದ ಒಳ್ಳೆಯ ಹಣ್ಣೊಂದರ ಬೀಜ ತೊಳೆದು ಒಣಗಿಸಿಟ್ಟರೆ ಮುಂದಿನ ಹಂಗಾಮಿಗೆ ಅದೇ ಗುಣದ ಗಿಡ ಏಳುತ್ತದೆ. ಹೈಬ್ರಿಡ್‌ನಲ್ಲಿ ಈ ಸ್ವಾತಂತ್ರ್ಯ ಇಲ್ಲ. ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮೆಟೊ ತಂದಲ್ಲಿಂದ ನಮ್ಮ ತೋಟಗಳ ಚಹರೆ ಬದಲಾಯಿತು. ಬೀಜಕ್ಕೆ ಪ್ರತಿ ಹಂಗಾಮೂ ಅಂಗಡಿಗೆ ಹೋಗುವುದು ರೂಢಿಯಾಯಿತು. ಹರಿಹರ ದಾಟಿದರೆ ಸಿಗುವ ರಾಣೆಬೆನ್ನೂರಿನ ಸುತ್ತ ಈ ಬೀಜೋತ್ಪಾದನೆಯೇ ದೊಡ್ಡ ಕಸುಬು. ಸಂಜೆ ಹೊತ್ತು ಮೊಗ್ಗನ್ನು ಚಿಮುಟದಿಂದ ಬಿಡಿಸಿ ಕೇಸರ ತೆಗೆಯುವುದು, ಮರುದಿನ ಬೆಳಗ್ಗೆ ಗಂಡುತಳಿಯ ಪರಾಗವನ್ನು ಬೆರಳಿನಿಂದ ಮುಟ್ಟಿಸುವುದು, ಹೀಗೆ ಒಂದೊಂದು ಹೂವನ್ನೂ ಕೈಯಿಂದಲೇ ಕೂಡಿಸಬೇಕು. ಹೆಚ್ಚಾಗಿ ಹೆಣ್ಣುಮಕ್ಕಳೇ ಮಾಡುವ ನಾಜೂಕಿನ ಕೆಲಸ ಇದು. ಹೈಬ್ರಿಡ್ ಬೀಜ ದುಬಾರಿ ಏಕೆಂದು ಕೇಳುವವರು ಒಮ್ಮೆ ಆ ಹೊಲಗಳನ್ನು ನೋಡಿಬರಬೇಕು. ಅದೇನೇ ಇರಲಿ, ಮನೆಬಳಕೆಗೆ ಬೀಜ ಉಳಿಸಿಕೊಳ್ಳುವ ಆಸೆ ಸಣ್ಣದಲ್ಲ, ಅದನ್ನು ಗೌರವಿಸಲೇಬೇಕು.

ಅದಕ್ಕೆ ಕೆಂಪಿನ ಪಕ್ಷದ ಮರುಮಾತು ಹವಾಮಾನದ್ದು. ಕ್ರಿಮಿಯಾದ ಬೇಸಿಗೆಗೂ ದಾವಣಗೆರೆಯ ಬೇಸಿಗೆಗೂ ಸಂಬಂಧವಿಲ್ಲ. ನಮ್ಮಲ್ಲಿ ಏಪ್ರಿಲ್ ಹೊತ್ತಿಗೆ 38 ಡಿಗ್ರಿ ಸಾಮಾನ್ಯ. ಬಿಳಿನೊಣ ಹೊತ್ತು ತರುವ ಎಲೆಮುದುಡು ನಂಜು ಬೇಸಿಗೆಯ ಟೊಮೆಟೊವನ್ನು ಎಳೆಯದರಲ್ಲೇ ಮುಗಿಸುತ್ತದೆ. ಮಣ್ಣಿನಿಂದ ಬರುವ ಸೊರಗು ರೋಗ ನಿಂತ ಗಿಡವನ್ನು ಎರಡು ದಿನದಲ್ಲಿ ಬಾಡಿಸುತ್ತದೆ. ದೂರದ ತಂಪು ನಾಡಿನ ಹಳೆಯ ತಳಿಗಳಿಗೆ ಇವನ್ನು ತಡೆಯುವ ಗುಣ ಬಂದಿರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಡಾ. ಎ.ಟಿ. ಸದಾಶಿವ ಮತ್ತು ಅವರ ತಂಡ ರೂಪಿಸಿದ 'ಅರ್ಕಾ ರಕ್ಷಕ್' ಎಲೆಮುದುಡು ನಂಜು, ಸೊರಗು, ಎಲೆಚುಕ್ಕೆಯ ಅಂಗಮಾರಿ ಈ ಮೂರನ್ನೂ ತಾಳುವ ಹೈಬ್ರಿಡ್. ಚೆನ್ನಾಗಿ ನೋಡಿಕೊಂಡ ಗಿಡವೊಂದಕ್ಕೆ 18 ಕಿಲೋ ತನಕ ಹಣ್ಣು ಬಂದದ್ದು ವರದಿಯಾಗಿದೆ. ಹಣ್ಣು ಕಡುಗೆಂಪು, ಗಟ್ಟಿ. ಅದೇ ಸಂಸ್ಥೆ ಸಂಸ್ಕರಣೆಗೆಂದೇ ಬಿಟ್ಟ 'ಅರ್ಕಾ ವಿಶೇಷ್', 'ಅರ್ಕಾ ಅಪೇಕ್ಷಾ' ತಳಿಗಳೂ ಇವೆ. ಕಡುಬಣ್ಣವೇ ಬೇಕಾದರೆ ನಮ್ಮ ಬಿಸಿಲಿಗೆ ಹೊಂದಿದ ಕಡುಗೆಂಪು ಇಲ್ಲೇ ಸಿಗುವಾಗ ಕ್ರಿಮಿಯಾಕ್ಕೆ ಏಕೆ ಹೋಗಬೇಕು ಎಂಬುದು ಇವರ ಪ್ರಶ್ನೆ.

ಬಿಸಿಲಿನ ಮಾತು ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ತಳಿ ಯಾವುದೇ ಇರಲಿ, ಶಾಖ ಸುಮಾರು 30 ಡಿಗ್ರಿ ಮೀರಿದರೆ ಹಣ್ಣಿನೊಳಗೆ ಲೈಕೋಪಿನ್ ತಯಾರಾಗುವುದು ಕುಂಟುತ್ತದೆ. ಹಳದಿ ಬಣ್ಣದ ಕ್ಯಾರೋಟಿನ್ ಮಾತ್ರ ಆಗುತ್ತಲೇ ಇರುತ್ತದೆ. ಬೇಸಿಗೆಯ ಟೊಮೆಟೊ ಕೇಸರಿಗೆ ತಿರುಗಿ ನಿಲ್ಲುವುದು ಇದರಿಂದಲೇ. ಕಡುಗೆಂಪಿನ ತಳಿಯನ್ನು ತಂದು ಏಪ್ರಿಲ್‌ನಲ್ಲಿ ಗಿಡದಲ್ಲೇ ಹಣ್ಣು ಮಾಡಿಸಿದವರಿಗೆ ಪೊಟ್ಟಣದ ಚಿತ್ರದ ಬಣ್ಣ ಸಿಗುವುದಿಲ್ಲ. ಬಣ್ಣ ತಿರುಗಲು ಶುರುವಾದ ದೋರೆಗಾಯಿಯನ್ನು ಕಿತ್ತು ಮನೆಯೊಳಗೆ ನೆರಳಲ್ಲಿ ಹರಡಿ ಹಣ್ಣು ಮಾಡಿದರೆ ಕೆಂಪು ಚೆನ್ನಾಗಿ ಬರುತ್ತದೆ. ತಳಿಯ ಜಗಳದಲ್ಲಿ ಈ ಸಣ್ಣ ಉಪಾಯ ಎರಡೂ ಕಡೆಯವರಿಗೆ ಮರೆತುಹೋಗುತ್ತದೆ. ಚಳಿಗಾಲದ, ಅಂದರೆ ನವೆಂಬರಿನಿಂದ ಫೆಬ್ರುವರಿಯವರೆಗಿನ ಹಣ್ಣು ಸಾಸಿಗೆ ಶ್ರೇಷ್ಠವೆಂಬ ಬಗ್ಗೆ ಮಾತ್ರ ಇಬ್ಬರಲ್ಲೂ ತಕರಾರಿಲ್ಲ.

ಇನ್ನು ಒಲೆಯ ಲೆಕ್ಕ. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕು, ತೊಂಬತ್ತೈದು ಪಾಲು ನೀರೇ. ಕರಗಿದ ಘನಾಂಶ ಒಂದು ಹಣ್ಣಿನಲ್ಲಿ ನೂರಕ್ಕೆ 4, ಇನ್ನೊಂದರಲ್ಲಿ 5 ಎಂದಿಟ್ಟುಕೊಳ್ಳಿ. ಕೇಳಲು ಒಂದೇ ಅಂಶದ ವ್ಯತ್ಯಾಸ. ಸಕ್ಕರೆ ಹಾಕುವ ಮೊದಲು ರಸವನ್ನು ಘನಾಂಶ 12ಕ್ಕೆ ಏರುವತನಕ ಇಂಗಿಸಿ ಒಂದು ಕಿಲೋ ಗಟ್ಟಿ ತಿರುಳು ಪಡೆಯಬೇಕಾದರೆ ಮೊದಲ ಹಣ್ಣಿನ ರಸ 3 ಕಿಲೋ ಬೇಕು, ಎರಡನೆಯದರದು 2.4 ಕಿಲೋ ಸಾಕು. ಒಂದರಲ್ಲಿ ಎರಡು ಲೀಟರ್ ನೀರು ಆವಿಯಾಗಬೇಕು. ಇನ್ನೊಂದರಲ್ಲಿ ಒಂದೂವರೆ ಲೀಟರಿಗೂ ಕಡಿಮೆ. ಗ್ಯಾಸಿನ ಉಳಿತಾಯ ಒಂದು ಕಡೆ. ಬಣ್ಣಕ್ಕೆ ಇದಕ್ಕಿಂತ ಮುಖ್ಯವಾದದ್ದು ಹೊತ್ತು: ಹೆಚ್ಚು ಕುದಿದಷ್ಟೂ ಸಕ್ಕರೆ, ಪ್ರೋಟೀನು ಸೇರಿ ಕಂದಾಗುತ್ತವೆ, ಹಣ್ಣಿನ ಪರಿಮಳ ಹೋಗಿ ಅಡುಗೆಯ ವಾಸನೆ ಬರುತ್ತದೆ. ನೀರು ಹಣ್ಣಿನಿಂದ ಮಾಡಿದ ಸಾಸಿನ ಕಡುಬಣ್ಣ ಎಷ್ಟೋ ಸಲ ಹಣ್ಣಿನದಲ್ಲ, ಒಲೆಯದು. ದೊಡ್ಡ ಗಾತ್ರದ ಕಪ್ಪು ತಳಿಗಳು ರಸಭರಿತ, ಒಳಗೆ ಹಲವು ಕೋಣೆ, ತೆಳು ಸಿಪ್ಪೆ. ಹೋಳು ಮಾಡಿ ತಿನ್ನಲು ಹೇಳಿ ಮಾಡಿಸಿದ ಹಣ್ಣುಗಳು, ಇಂಗಿಸಲು ಅಲ್ಲ. 'ಬ್ಲ್ಯಾಕ್ ಪ್ಲಮ್' ತರಹದ ಮೊಟ್ಟೆಯಾಕಾರದ ಸಣ್ಣ ತಳಿಗಳಿಗೆ ಈ ಆಕ್ಷೇಪ ಅಷ್ಟಾಗಿ ತಗಲುವುದಿಲ್ಲ ಎಂಬುದನ್ನೂ ಹೇಳಬೇಕು.

ಇದೇ ಲೆಕ್ಕ ಜವಾರಿ ಹಣ್ಣಿಗೂ ಎದುರಾಗುತ್ತದೆ. ಜವಾರಿ ಎಂದು ಸಂತೆಯಲ್ಲಿ ಮಾರುವ ಚಪ್ಪಟೆ, ಮಡಿಕೆ ಮಡಿಕೆಯ ಹಣ್ಣಿನಲ್ಲಿ ಬೀಜ, ಲೋಳೆ ಹೆಚ್ಚು, ತಿರುಳು ಕಡಿಮೆ. ಬಣ್ಣವೂ ಒಂದೇ ಸಮನಾಗಿರುವುದಿಲ್ಲ. ಆದರೂ ಗೊಜ್ಜಿಗೆ ಅದೇ ಬೇಕೆನ್ನುವವರು ಹಟ ಹಿಡಿಯುತ್ತಿಲ್ಲ. ಅದರ ಹುಳಿಯಲ್ಲಿ ಒಂದು ಚುರುಕಿದೆ. ಅಲ್ಲದೆ ಬೀಜದ ಸುತ್ತಲಿನ ಲೋಳೆಯಲ್ಲಿ ರುಚಿಗೆ ಆಳ ಕೊಡುವ ಗ್ಲುಟಮೇಟ್ ತಿರುಳಿಗಿಂತ ಹೆಚ್ಚಿರುತ್ತದೆಂದು ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು 2007ರಲ್ಲಿ ತೋರಿಸಿದ್ದಾರೆ. ಬೀಜದೊಂದಿಗೆ ಲೋಳೆಯನ್ನೂ ಚೆಲ್ಲುವವರು ರುಚಿಯನ್ನೇ ಚೆಲ್ಲುತ್ತಾರೆ. ಲೋಳೆಯನ್ನು ಸೋಸಿ ರಸಕ್ಕೆ ಸೇರಿಸಿ, ಬೀಜವನ್ನು ಮಾತ್ರ ಬಿಡುವುದು ಒಳ್ಳೆಯದು.

ಹುಳಿಯ ಪ್ರಶ್ನೆ ರುಚಿಯದಷ್ಟೇ ಅಲ್ಲ, ಸುರಕ್ಷತೆಯದೂ ಹೌದು. ಬಾಟಲಿಯಲ್ಲಿ ಮುಚ್ಚಿಟ್ಟ ಆಹಾರದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ವಿಷ ತರುವ ಬ್ಯಾಕ್ಟೀರಿಯಾ ಬೆಳೆಯಲಾರದು. ಟೊಮೆಟೊ ಈ ಗಡಿಯ ಹತ್ತಿರವೇ ಸುಳಿದಾಡುವ ಹಣ್ಣು. ಅತಿಯಾಗಿ ಹಣ್ಣಾದರೆ ಹುಳಿ ಇನ್ನೂ ಇಳಿಯುತ್ತದೆ. ಸಿಹಿ ಮುಂದಾಗಿ ತೋರುವ ಕಪ್ಪು ತಳಿಯಾಗಲಿ, ಹುಳಿ ಜೋರಾಗಿರುವ ಜವಾರಿಯಾಗಲಿ, ನಾಲಿಗೆಯನ್ನು ನಂಬಿ ಪಿಎಚ್ ಹೇಳಲಾಗದು. ಅಮೆರಿಕದ ಕೃಷಿ ಇಲಾಖೆ ತಳಿಯನ್ನೇ ಲೆಕ್ಕಿಸದೆ ಸುಮಾರು ಒಂದು ಲೀಟರ್ ಟೊಮೆಟೊಗೆ ಎರಡು ದೊಡ್ಡ ಚಮಚ ನಿಂಬೆರಸ ಹಾಕಲೇಬೇಕೆಂದು ಮನೆಯವರಿಗೆ ಹೇಳುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟದ ಸಾಸಿಗೆ ಕನಿಷ್ಠ ಶೇ. 1 ಆಮ್ಲ, ಶೇ. 25 ಘನಾಂಶ ಇರಬೇಕೆಂದು ನಿಗದಿ ಮಾಡಿದೆ. ಆ ಘನಾಂಶದಲ್ಲಿ ದೊಡ್ಡ ಪಾಲು ಸಕ್ಕರೆಯದು. ಮನೆಯವರು ಅಷ್ಟು ಸಕ್ಕರೆ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಹಾಗಾಗಿ ಹುಳಿಯ ಹೊಣೆ ಇನ್ನೂ ಹೆಚ್ಚು.

ತಳಿಯ ಬಗ್ಗೆ ಇಷ್ಟು ವಾದಿಸುವವರು ಪಾತ್ರೆಯ ಬಗ್ಗೆ ಯೋಚಿಸುವುದು ಕಡಿಮೆ. ಕಬ್ಬಿಣದ ಬಾಣಲೆಯಲ್ಲಿ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದರೆ ಎಂಥ ಕಡುಗೆಂಪು ಹಣ್ಣೂ ಮಸುಕಾಗುತ್ತದೆ. ಹುಳಿ ಲೋಹವನ್ನು ಕರಗಿಸಿ ಬಣ್ಣ ಕೆಡಿಸುತ್ತದೆ, ಹಿತ್ತಾಳೆಯದಾದರೆ ಆರೋಗ್ಯವನ್ನೂ. ಲವಂಗದ ವಿಚಾರ ಇನ್ನೂ ಸೂಕ್ಷ್ಮ. ಸಾಸಿನ ಮಸಾಲೆ ಗಂಟಿಗೆ ಲವಂಗ ಹಾಕುವಾಗ ಅದರ ತುದಿಯ ದುಂಡನೆಯ ಮೊಗ್ಗನ್ನು ಉಗುರಿನಿಂದ ಚಿವುಟಿ ಕಡ್ಡಿಯನ್ನಷ್ಟೇ ಬಳಸುವುದು ಈ ಕೆಲಸ ಕಲಿತವರ ಪದ್ಧತಿ. ಮೊಗ್ಗಿನಲ್ಲಿರುವ ಟ್ಯಾನಿನ್ ಕಬ್ಬಿಣದ ಅಂಶದೊಡನೆ ಸೇರಿದರೆ ಕಪ್ಪಾಗುತ್ತದೆ. ಬಾಟಲಿಯ ಕುತ್ತಿಗೆಯಲ್ಲಿ ಗಾಳಿ ತಗಲುವ ಕಡೆ ಕಪ್ಪು ಉಂಗುರ ಮೂಡುವುದು ಇದರಿಂದಲೇ. ಚಿಟಿಕೆಯಷ್ಟು ಲವಂಗದ ತಲೆ, ಒಂದು ಕಬ್ಬಿಣದ ಸೌಟು ಸಾಕು, ಬೀಜದ ಪೊಟ್ಟಣಕ್ಕೆ ಕೊಟ್ಟ ದುಡ್ಡೆಲ್ಲ ನೀರುಪಾಲು. ಸ್ಟೀಲ್ ಪಾತ್ರೆ, ಮರದ ಸೌಟು, ಬಟ್ಟೆಯ ಗಂಟು: ಇಷ್ಟಿದ್ದರೆ ಸಂತೆಯ ಸಾಧಾರಣ ಹಣ್ಣೂ ಮೆಚ್ಚುವಷ್ಟು ಕೆಂಪು ಕೊಡುತ್ತದೆ.

ಬಣ್ಣಕ್ಕೆ ನಮ್ಮ ಸೀಮೆಯ ಸ್ವಂತ ಉತ್ತರ ಒಂದಿದೆ: ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಕೆಂಪು ಅಪಾರ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಡಬ್ಬಿ ತಳಿಯ ನಾಲ್ಕು ಕಾಯನ್ನು ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ ರುಬ್ಬಿ ಸೇರಿಸಿದರೆ ಟೊಮೆಟೊ ಯಾವ ತಳಿಯದೆಂದು ಕೇಳುವ ಅಗತ್ಯವೇ ಬಾರದು ಎಂಬುದು ಹಲವು ಗೃಹಿಣಿಯರ ಅಭಿಪ್ರಾಯ. ಈ ವಾದದ ಬಲ ಅದರ ಸರಳತೆಯಲ್ಲಿದೆ. ಕೃತಕ ಬಣ್ಣ ಬೇಡ, ವಿಶೇಷ ಬೀಜವೂ ಬೇಡ. ಆದರೆ ಅದಕ್ಕೂ ಮಿತಿಯುಂಟು. ಮೆಣಸಿನಕಾಯಿಯ ಪರಿಮಳ ಬಂದರೆ ಅದು ಸಾಸ್‌ಗಿಂತ ಕೆಂಪು ಚಟ್ನಿಗೆ ಹತ್ತಿರವಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅಷ್ಟು ಖಾರವೂ ನಡೆಯದು. ಮಿರ್ಚಿ, ಮಂಡಕ್ಕಿಯ ಜೊತೆಗೆ ನೆಂಜಿಕೊಳ್ಳಲು ಅಡ್ಡಿಯಿಲ್ಲ. ಬ್ರೆಡ್ಡಿಗೆ ಹಚ್ಚಿದರೆ ಗೊತ್ತಾಗುತ್ತದೆ. ಅಲ್ಲದೆ, ಹಣ್ಣಿನಲ್ಲೇ ಇರಬೇಕಾದ ಬಣ್ಣವನ್ನು ಹೊರಗಿನಿಂದ ತರುವುದೇ ಸರಿಯಲ್ಲ ಎನ್ನುವ ಕಟ್ಟುನಿಟ್ಟಿನವರೂ ಇದ್ದಾರೆ. ಅವರ ನಿಲುವು ತುಸು ಅತಿಯೆಂದು ನನಗೆ ತೋರಿದರೂ ಅದರಲ್ಲಿ ಪ್ರಾಮಾಣಿಕತೆಯಿದೆ.

ಎಲ್ಲವನ್ನೂ ತೂಗಿದ ಮೇಲೆ ತಕ್ಕಡಿ ಪೂರ್ತಿ ಒಂದು ಕಡೆಗೆ ಬಾಗುತ್ತದೆಂದು ಹೇಳಲಾರೆ. ಕಪ್ಪು ತಳಿಗಳ ರುಚಿ ನಿಜ, ಬೀಜದ ಸ್ವಾವಲಂಬನೆಯೂ ನಿಜ; ತಾರಸಿಯ ಕುಂಡದಲ್ಲಿ ಒಂದೆರಡು ಗಿಡ ಬೆಳೆಸಲು ಇಷ್ಟು ಕಾರಣ ಬೇಕಾದಷ್ಟಾಯಿತು. ಆದರೆ ಆ ಬಣ್ಣ ಬಾಟಲಿಯವರೆಗೆ ಬರುತ್ತದೆಂಬ ನಿರೀಕ್ಷೆಗೆ ಆಧಾರ ಕಡಿಮೆ. ಸಾಸಿನಲ್ಲಿ ಉಳಿಯುವುದು ತಿರುಳಿನ ಕೆಂಪು. ಆದ್ದರಿಂದ ಹಣ್ಣನ್ನು ಹೊರಗಿನಿಂದ ನೋಡಿ ಅಲ್ಲ, ಅಡ್ಡಕ್ಕೆ ಕೊಯ್ದು ನೋಡಿ ಆರಿಸುವುದು ಮೇಲು. ಗೋಡೆ ದಪ್ಪ, ಒಳಗೂ ಕಡುಗೆಂಪು, ನಡುವೆ ಬಿಳಿ ದಿಂಡು ಕಡಿಮೆ: ಇಂಥ ಹಣ್ಣು ಅರ್ಕಾ ತಳಿಯದೋ ಬೇರೆ ಹೈಬ್ರಿಡ್ಡೋ ಎಂಬುದು ಆಮೇಲಿನ ಮಾತು. ಮೂರರಲ್ಲಿ ಎರಡು ಪಾಲು ಇಂಥದ್ದು, ಒಂದು ಪಾಲು ಜವಾರಿ ಹಣ್ಣಿನ ರಸ ಮತ್ತು ಲೋಳೆ. ಈ ಮಿಶ್ರಣ ಬಣ್ಣವನ್ನೂ ಹುಳಿಯನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚೆಂದು ನನ್ನ ಅಂದಾಜು. ಕಪ್ಪು ಹಣ್ಣು ಇದ್ದರೆ ಜವಾರಿಯ ಪಾಲಿನಲ್ಲಿ ಅರ್ಧದಷ್ಟನ್ನು ಅದಕ್ಕೆ ಬಿಡಬಹುದು. ರುಚಿ ಸೇರುತ್ತದೆ, ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಸಾಸ್ ಕಂದಾಗಿದ್ದರೂ ಪರವಾಗಿಲ್ಲ ಎನ್ನುವ ಮನೆಯವರು ಈ ಪಾಲನ್ನು ತಮಗೆ ಬೇಕಾದಂತೆ ಹೆಚ್ಚಿಸಿಕೊಳ್ಳಲಿ, ಅವರ ಆಯ್ಕೆಯಲ್ಲಿ ತಪ್ಪೇನೂ ಇಲ್ಲ.

ಬಾಕ್ಸುಗಟ್ಟಲೆ ಕೊಳ್ಳುವ ಮೊದಲು ಅರ್ಧ ಕಿಲೋ ಹಣ್ಣನ್ನು ಸ್ಟೀಲ್ ಪಾತ್ರೆಯಲ್ಲಿ ಮೂರನೇ ಒಂದು ಪಾಲಿಗೆ ಇಂಗಿಸಿ, ಬಿಳಿ ತಟ್ಟೆಯ ಮೇಲೆ ಒಂದು ಚಮಚ ಹಾಕಿ ಹಗಲು ಬೆಳಕಿನಲ್ಲಿ ನೋಡಿ. ಆ ಬಣ್ಣ ಒಪ್ಪಿದರೆ ಕೊಳ್ಳಿ. ಯಾವ ತಳಿಯದೇ ಆಗಲಿ, ಬಾಟಲಿ ಮುಚ್ಚುವ ಮುನ್ನ ಲೀಟರಿಗೆ ಎರಡು ದೊಡ್ಡ ಚಮಚ ನಿಂಬೆರಸ ಹಾಕುವುದನ್ನು ಮರೆಯಬೇಡಿ, ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲೇ ಇಡಿ.